ಯಾವ ಹೆರಿಗೆ, ಯಾವ ಆಸ್ಪತ್ರೆ



ತಾಯಿ ಮತ್ತು ನವಜಾತ ಶಿಶುವಿನ ಆರೈಕೆಗೆ ಆಸ್ಪತ್ರೆಗಳನ್ನು ಹಂತಹಂತವಾಗಿ ಗುರುತಿಸಿ, ತಾವಾಗಿ ಮುಂದೆ ಬಂದವರಿಗೆ ಪ್ರಮಾಣಪತ್ರ ಕೊಡುವ ಪದ್ಧತಿಯ ಬಗ್ಗೆ ಮಾತಾಡುತ್ತೇನೆ ಎಂದಾಗ ಈ ದತ್ತಿ ಉಪನ್ಯಾಸದ ಸಂಘಟಕರಲ್ಲಿ ಒಬ್ಬರು, ‘ಡಾಕ್ಟ್ರೇ, ಇದು ಇಲಾಖೆಯ ಕಡತದೊಳಗಿನ ವಿಷಯವಲ್ಲವೆ, ಸಭೆಗೆ ಬರುವ ಜನರಿಗೆ ಇದರಲ್ಲಿ ಏನಿದೆ’ ಎಂದು ಕೇಳಿದರು. ಬಸುರಿ ಹೆಣ್ಣುಮಗಳಿರುವ ಪ್ರತಿ ಮನೆಗೂ ಇದು ಸಂಬಂಧಪಟ್ಟ ವಿಷಯ ಎಂಬುದೇ ನನ್ನ ಉತ್ತರ. ಆ ಉತ್ತರವನ್ನು ಬಿಡಿಸಿ ಹೇಳಲು ಈ ಒಂದು ಗಂಟೆಯನ್ನು ಬಳಸಿಕೊಳ್ಳುತ್ತೇನೆ.

ನಾನು ವೃತ್ತಿಗೆ ಬಂದ ಕಾಲದಲ್ಲಿ ನಮ್ಮ ಮುಂದಿದ್ದ ಕೆಲಸ ಒಂದೇ: ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ತರುವುದು. ಆ ಕೆಲಸ ಹೆಚ್ಚುಕಡಿಮೆ ಮುಗಿದಿದೆ. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದ ನೂರು ಹೆರಿಗೆಗಳಲ್ಲಿ ಸುಮಾರು 65 ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. ಐದನೇ ಸಮೀಕ್ಷೆಯಲ್ಲಿ ಅದು 97ಕ್ಕೆ ಬಂತು. 2005ರ ಜನನಿ ಸುರಕ್ಷಾ ಯೋಜನೆ, 2008ರಲ್ಲಿ ರಸ್ತೆಗಿಳಿದ 108 ಆಂಬುಲೆನ್ಸ್, ಎಲ್ಲಕ್ಕಿಂತ ಹೆಚ್ಚಾಗಿ ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆಯರು ಇದನ್ನು ಮಾಡಿದ್ದು. ಲಕ್ಷ ಜೀವಂತ ಜನನಗಳಿಗೆ 2001–03ರಲ್ಲಿ 228 ಇದ್ದ ನಮ್ಮ ರಾಜ್ಯದ ತಾಯಿಮರಣ 2018–20ರ ವೇಳೆಗೆ 69ಕ್ಕೆ ಇಳಿಯಿತು. ಹೆಮ್ಮೆಪಡಬೇಕಾದ ಇಳಿಕೆ ಇದು.

ಆದರೆ ಅದೇ ಅವಧಿಯಲ್ಲಿ ಕೇರಳದ ಸಂಖ್ಯೆ 19. ತೆಲಂಗಾಣ 43, ಆಂಧ್ರ 45, ತಮಿಳುನಾಡು 54. ದಕ್ಷಿಣದ ಐದು ರಾಜ್ಯಗಳಲ್ಲಿ ನಾವು ಕೊನೆಯವರು. ನೂರಕ್ಕೆ 97 ಹೆಂಗಸರು ಆಸ್ಪತ್ರೆಗೆ ಬಂದೇ ಹೆರುತ್ತಿದ್ದಾರೆ ಎಂದ ಮೇಲೆ, ಉಳಿದ ಸಾವುಗಳಿಗೆ ಜನರ ಅಜ್ಞಾನವನ್ನೋ ಸೂಲಗಿತ್ತಿಯನ್ನೋ ದೂರಿ ಕೂರುವಂತಿಲ್ಲ. ತಾಯಿಮರಣದ ಪರಿಶೀಲನಾ ಸಭೆಗಳಲ್ಲಿ ಕೂತವರಿಗೆಲ್ಲ ಗೊತ್ತಿರುವ ಸಂಗತಿ ಇದು: ಇಂದು ಬಾಣಂತಿ ಸಾಯುವುದು ಆಸ್ಪತ್ರೆಯ ಒಳಗೆ, ಇಲ್ಲವೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ. ಆಸ್ಪತ್ರೆಗೆ ಬಂದಳೆ ಎಂಬ ಪ್ರಶ್ನೆ ಹಿಂದೆ ಸರಿದು, ಅವಳಿಗೆ ತಕ್ಕ ಆಸ್ಪತ್ರೆಗೆ ತಕ್ಕ ಹೊತ್ತಿಗೆ ಬಂದಳೆ ಎಂಬ ಪ್ರಶ್ನೆ ಮುಂದೆ ಬಂದಿದೆ.

ಮೂವರು ಗರ್ಭಿಣಿಯರನ್ನು ಕಲ್ಪಿಸಿಕೊಳ್ಳಿ. ಮೊದಲನೆಯವಳಿಗೆ ಇದು ಎರಡನೇ ಹೆರಿಗೆ. ರಕ್ತ ಚೆನ್ನಾಗಿದೆ, ಬಿ.ಪಿ. ಸರಿಯಿದೆ, ಮಗುವಿನ ತಲೆ ಕೆಳಗಿದೆ. ಅವಳಿಗೆ ಬೇಕಾದದ್ದು ಪಳಗಿದ ಕೈಯ ಸ್ಟಾಫ್ ನರ್ಸ್, ಸ್ವಚ್ಛವಾದ ಲೇಬರ್ ರೂಮ್, ಮತ್ತು ಏನಾದರೂ ಹದ ತಪ್ಪಿದರೆ ತಕ್ಷಣ ಗುರುತಿಸುವ ಕಣ್ಣು. ಇದೆಲ್ಲ ಅವಳ ಊರಿಗೆ ಹತ್ತಿರವೇ ಸಿಗಬೇಕು. ಎರಡನೆಯವಳಿಗೆ ಹಿಂದೆ ಎರಡು ಸಿಸೇರಿಯನ್ ಆಗಿವೆ, ಈ ಸಲ ಮಾಸು ಗರ್ಭಕೋಶದ ಕೆಳಭಾಗದಲ್ಲಿ, ಹಳೆಯ ಹೊಲಿಗೆಯ ಮೇಲೆಯೇ ಕೂತಿದೆ. ಅವಳ ಹೆರಿಗೆಗೆ ರಕ್ತನಿಧಿ, ಇಬ್ಬರು ಅನುಭವಿ ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ಐಸಿಯು ಎಲ್ಲವೂ ಒಂದೇ ಸೂರಿನಡಿ ಇರಬೇಕು. ಗರ್ಭಕೋಶವನ್ನೇ ತೆಗೆಯಬೇಕಾಗಿ ಬರಬಹುದು. ಮೂರನೆಯವಳಿಗೆ 30 ವಾರ, ಬಿ.ಪಿ. 170 ದಾಟಿದೆ, ತಲೆನೋವು, ಕಣ್ಣು ಮಂಜು. ಅವಳಿಗೆ ಫಿಟ್ಸ್ ಬರದಂತೆ ನೋಡಿಕೊಳ್ಳುವ ವಾರ್ಡೂ ಬೇಕು, ಒಂದೂವರೆ ಕಿಲೋ ಕೂಡ ತೂಗದ ಕೂಸಿಗೆ ಉಸಿರಾಟದ ನೆರವು ಕೊಡಬಲ್ಲ ಘಟಕವೂ ಅಲ್ಲಿಯೇ ಬೇಕು. ಮೂವರನ್ನೂ ‘ಹತ್ತಿರದ ಆಸ್ಪತ್ರೆಗೆ ಹೋಗು’ ಎಂದು ಕಳಿಸುವುದು ತಪ್ಪು. ಮೂವರನ್ನೂ ‘ದೊಡ್ಡಾಸ್ಪತ್ರೆಗೆ ಹೋಗು’ ಎನ್ನುವುದೂ ಅಷ್ಟೇ ತಪ್ಪು. ಮೊದಲನೆಯವಳು ಅಲ್ಲಿಗೆ ಹೋದರೆ ಎರಡನೆಯವಳಿಗೆ ಸಿಗಬೇಕಾದ ಹಾಸಿಗೆಯಲ್ಲಿ ಮಲಗುತ್ತಾಳೆ.

ಆರೈಕೆಯ ಹಂತ ಎಂಬ ಕಲ್ಪನೆಯ ತಿರುಳು ಇಷ್ಟೇ. ಅದು ಅಮೆರಿಕದಲ್ಲಿ ಬರಹಕ್ಕಿಳಿದದ್ದು 1976ರಲ್ಲಿ, ಮಾರ್ಚ್ ಆಫ್ ಡೈಮ್ಸ್ ಸಂಸ್ಥೆ ಹೊರತಂದ ವರದಿಯೊಂದರಲ್ಲಿ. ಒಂದು ಪ್ರದೇಶದ ಹೆರಿಗೆ ಆಸ್ಪತ್ರೆಗಳನ್ನು ಮೂರು ಹಂತಗಳಲ್ಲಿ ಗುರುತಿಸಿ, ಅಪಾಯ ಹೆಚ್ಚಿದಂತೆ ಮೇಲಿನ ಹಂತಕ್ಕೆ ಕಳಿಸುವ ಏರ್ಪಾಡು ಮಾಡಿ ಎಂದು ಅದು ಹೇಳಿತು. ಆದರೆ ನಡೆದ ಕೆಲಸವೆಲ್ಲ ಕೂಸಿನ ಸುತ್ತಲೇ ನಡೆಯಿತು. ನವಜಾತ ಶಿಶು ಘಟಕಗಳ ಹಂತಗಳು ಸ್ಪಷ್ಟವಾದವು, ತಿದ್ದುಪಡಿಯಾದವು, 2012ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಸಂಘ ನಾಲ್ಕು ಹಂತಗಳನ್ನು ನಿಗದಿ ಮಾಡಿತು. ತಾಯಿಗಾಗಿ ಪ್ರತ್ಯೇಕ ಹಂತಗಳನ್ನು ಅಲ್ಲಿನ ಪ್ರಸೂತಿ ತಜ್ಞರ ಸಂಘ ಬರೆದದ್ದು 2015ರಲ್ಲಿ. ಸುಮಾರು ನಲವತ್ತು ವರ್ಷ ತಾಯಿಯನ್ನು ಕೂಸಿನ ಹೊರಕವಚ ಎಂಬಂತೆ ನೋಡಲಾಯಿತು ಎಂದು ನಾನು ಹೇಳಿದರೆ ಅದು ಕಟುವಾದೀತು, ಆದರೆ ಸುಳ್ಳಾಗದು.

ನಮ್ಮಲ್ಲಿ ನಡೆದದ್ದು ತಿರುಗಾಮುರುಗಾ. 1992ರಲ್ಲಿ ಶುರುವಾದ ಶಿಶು ಉಳಿವು ಮತ್ತು ಸುರಕ್ಷಿತ ತಾಯ್ತನ ಕಾರ್ಯಕ್ರಮದಲ್ಲಿ ತಾಲ್ಲೂಕು ಮಟ್ಟದ ಆಯ್ದ ಆಸ್ಪತ್ರೆಗಳನ್ನು ‘ಪ್ರಥಮ ರೆಫರಲ್ ಘಟಕ’ ಎಂದು ಕರೆದರು. ಹಗಲು ರಾತ್ರಿ ಸಿಸೇರಿಯನ್, ರಕ್ತದ ದಾಸ್ತಾನು ಇರಬೇಕೆಂದರು. ಕೂಸಿನ ಸರದಿ ಬರಲು ಹತ್ತು ವರ್ಷ ಹಿಡಿಯಿತು. 2003ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದ ಜಿಲ್ಲಾ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಿಶೇಷ ಘಟಕ (ಎಸ್‌ಎನ್‌ಸಿಯು) ತೆರೆದರು. ಅತ್ಯಂತ ಹಿಂದುಳಿದ ಜಿಲ್ಲೆಯೊಂದರಲ್ಲಿ ಅದು ಯಶಸ್ವಿಯಾದದ್ದು ನೋಡಿಯೇ ದೇಶಕ್ಕೆ ಧೈರ್ಯ ಬಂದದ್ದು. 2011ರ ಮಾರ್ಗಸೂಚಿಯ ಪ್ರಕಾರ ಹೆರಿಗೆಯಾಗುವ ಪ್ರತಿ ಜಾಗದಲ್ಲೂ ಶಿಶು ಆರೈಕೆಯ ಮೂಲೆ, ತಾಲ್ಲೂಕು ಮಟ್ಟದಲ್ಲಿ ನಾಲ್ಕು ಹಾಸಿಗೆಯ ಸ್ಥಿರೀಕರಣ ಘಟಕ, ಜಿಲ್ಲಾ ಆಸ್ಪತ್ರೆಯಲ್ಲಿ ಹನ್ನೆರಡು ಅಥವಾ ಹೆಚ್ಚು ಹಾಸಿಗೆಯ ಎಸ್‌ಎನ್‌ಸಿಯು. ಹಂತಗಳು ಕಾಗದದ ಮೇಲೆ ಚೆನ್ನಾಗಿಯೇ ಇವೆ. ಆದರೆ ತಾಯಿಯ ಹಂತವನ್ನು ಒಂದು ಕಾರ್ಯಕ್ರಮ, ಕೂಸಿನ ಹಂತವನ್ನು ಇನ್ನೊಂದು ಕಾರ್ಯಕ್ರಮ ನೋಡಿಕೊಳ್ಳುತ್ತದೆ. ಸಿಸೇರಿಯನ್ ಮಾಡುವ ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಿಲ್ಲದ ಸ್ಥಿತಿ ಹುಟ್ಟುವುದು ಹೀಗೆ.

ಪ್ರಮಾಣಪತ್ರದ ವಿಚಾರಕ್ಕೆ ಬರುತ್ತೇನೆ. ಸ್ವಯಂಪ್ರೇರಿತ ಪದ್ಧತಿಗೆ ನನಗೆ ಹೆಚ್ಚು ಹಿಡಿಸಿದ ಉದಾಹರಣೆ ಅಮೆರಿಕದ ಆರಿಜೋನಾ ರಾಜ್ಯದ್ದು. ಮರುಭೂಮಿ, ಕಣಿವೆ, ಮೂಲನಿವಾಸಿಗಳ ವಿಶಾಲ ಮೀಸಲು ಪ್ರದೇಶಗಳು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಬಹಳ ದೂರ. 1980ರ ಸುಮಾರಿಗೆ ಅಲ್ಲಿ ‘ಆರಿಜೋನಾ ಪೆರಿನೇಟಲ್ ಟ್ರಸ್ಟ್’ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಆಸ್ಪತ್ರೆ ತಾನಾಗಿ ಕರೆದರೆ ಪ್ರಸೂತಿ ತಜ್ಞರು, ಶಿಶುತಜ್ಞರು, ನರ್ಸುಗಳು ಇರುವ ತಂಡ ಅಲ್ಲಿಗೆ ಹೋಗುತ್ತದೆ, ಕೇಸ್ ಶೀಟ್‌ಗಳನ್ನು ಓದುತ್ತದೆ, ನಿಮ್ಮದು ಇಂಥ ಹಂತ ಎಂದು ಪ್ರಮಾಣೀಕರಿಸುತ್ತದೆ. ಕಾನೂನಿನ ಬಲವಂತ ಇಲ್ಲ. ಆದರೂ ಅದು ಗೋಡೆಯ ಅಲಂಕಾರವಾಗಿ ಉಳಿಯಲಿಲ್ಲ, ಏಕೆಂದರೆ ಅಲ್ಲಿನ ಸರ್ಕಾರದ ಅಧಿಕ ಅಪಾಯದ ಹೆರಿಗೆ ಕಾರ್ಯಕ್ರಮ ಅದರ ಪಕ್ಕದಲ್ಲೇ ನಿಂತಿದೆ. ಗರ್ಭಿಣಿಯನ್ನೋ ಕೂಸನ್ನೋ ಮೇಲಿನ ಹಂತಕ್ಕೆ ಒಯ್ಯುವ ವಾಹನ, ವಿಮಾನ, ಜೊತೆಗೆ ಹೋಗುವ ತರಬೇತಾದ ಸಿಬ್ಬಂದಿ, ಮನೆಗೆ ಮರಳಿದ ಕೂಸನ್ನು ನೋಡಲು ಬರುವ ನರ್ಸು ಎಲ್ಲವೂ ಅದೇ ಹೆಣಿಗೆಯ ಭಾಗ. ಪ್ರಮಾಣಪತ್ರ ಪಡೆದ ಆಸ್ಪತ್ರೆಗೆ ತನ್ನ ಮಿತಿ ಗೊತ್ತು, ಮಿತಿ ಮೀರಿದಾಗ ಯಾರಿಗೆ ಫೋನ್ ಮಾಡಬೇಕೆಂಬುದೂ ಗೊತ್ತು.

ಇಷ್ಟು ಏರ್ಪಾಡಿನಿಂದ ಏನು ಸಿಗುತ್ತದೆ ಎಂಬುದಕ್ಕೆ 2010ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಉತ್ತರ ಕೊಡುತ್ತದೆ. ಒಂದೂವರೆ ಕಿಲೋಗಿಂತ ಹೆಚ್ಚಿಲ್ಲದ ಕೂಸುಗಳ ಬಗ್ಗೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂರನೇ ಹಂತದ ಆಸ್ಪತ್ರೆಯಲ್ಲಿ ಹುಟ್ಟಿದವುಗಳಲ್ಲಿ ನೂರಕ್ಕೆ 23 ಸತ್ತಿದ್ದವು, ಕೆಳಗಿನ ಹಂತಗಳಲ್ಲಿ ಹುಟ್ಟಿದವುಗಳಲ್ಲಿ 38. ಹುಟ್ಟಿದ ಮೇಲೆ ಕಳಿಸುವುದಕ್ಕಿಂತ ಹೊಟ್ಟೆಯಲ್ಲಿದ್ದಾಗಲೇ ಕಳಿಸುವುದು ಲೇಸು. ತಾಯಿಯ ಗರ್ಭಕ್ಕಿಂತ ಒಳ್ಳೆಯ ಆಂಬುಲೆನ್ಸ್ ಇಲ್ಲ ಎಂದು ಮಕ್ಕಳ ವೈದ್ಯರು ಹೇಳುವುದು ಇದಕ್ಕೇ.

ಭಾರತದಲ್ಲಿ ಈ ದಾರಿಯ ದೊಡ್ಡ ಹೆಜ್ಜೆ ‘ಲಕ್ಷ್ಯ’. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆರಂಭಿಸಿದ ಈ ಕಾರ್ಯಕ್ರಮ ಸರ್ಕಾರಿ ಆಸ್ಪತ್ರೆಗಳ ಲೇಬರ್ ರೂಮ್ ಮತ್ತು ಹೆರಿಗೆಯ ಆಪರೇಷನ್ ಥಿಯೇಟರಿಗೆ ಅಂಕ ಕೊಡುತ್ತದೆ. ನೂರಕ್ಕೆ 70 ಬಂದರೆ ಪ್ರಮಾಣಪತ್ರ. ಅಂಕ ಏರಿದಂತೆ ಬೆಳ್ಳಿ, ಚಿನ್ನ, ಪ್ಲಾಟಿನಂ. ನವಜಾತ ಶಿಶು ಮತ್ತು ಮಕ್ಕಳ ಆರೈಕೆಗೆ 2021ರಲ್ಲಿ ‘ಮುಸ್ಕಾನ್’ ಬಂತು. ಖಾಸಗಿ ಹೆರಿಗೆ ಆಸ್ಪತ್ರೆಗಳಿಗಾಗಿ ನಮ್ಮ ಪ್ರಸೂತಿ ತಜ್ಞರ ಒಕ್ಕೂಟ ಫಾಗ್ಸಿ ನಡೆಸುವುದು ‘ಮಾನ್ಯತಾ’: ಹದಿನಾರು ವೈದ್ಯಕೀಯ ಮಾನದಂಡಗಳು, ಸಣ್ಣ ನರ್ಸಿಂಗ್ ಹೋಮ್ ಕೂಡ ಮುಟ್ಟಬಹುದಾದವು. ಅದು ಪೂರ್ತಿಯಾಗಿ ಸ್ವಯಂಪ್ರೇರಿತ.

ಲಕ್ಷ್ಯದ ಪರಿಶೀಲನೆ ಹೇಗಿರುತ್ತದೆಂದು ನೋಡದವರು ಅದನ್ನು ಕಡತ ಭರ್ತಿಯ ಕೆಲಸ ಎಂದುಕೊಳ್ಳುತ್ತಾರೆ. ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಪರಿಶೀಲಕರು ರಿಜಿಸ್ಟರ್ ಮುಚ್ಚಿಟ್ಟು ಸ್ಟಾಫ್ ನರ್ಸ್‌ಗೆ, ‘ಸಿಸ್ಟರ್, ಈಗಷ್ಟೇ ಹೆರಿಗೆಯಾಗಿದೆ, ಬಾಣಂತಿಗೆ ರಕ್ತ ನಿಲ್ಲುತ್ತಿಲ್ಲ. ಏನು ಮಾಡುತ್ತೀರಿ, ಮಾಡಿ ತೋರಿಸಿ’ ಎಂದರು. ಆಕೆ ಗಾಬರಿಯಾಗಲಿಲ್ಲ. ಹೊಟ್ಟೆಯ ಮೇಲಿಂದ ಗರ್ಭಕೋಶ ನೀವುವುದನ್ನು ಗೊಂಬೆಯ ಮೇಲೆ ತೋರಿಸುತ್ತಲೇ ಸಹಾಯಕಿಯನ್ನು ಕೂಗಿದರು, ಫ್ರಿಜ್ ತೆಗೆದು ಆಕ್ಸಿಟೋಸಿನ್ ತಂದರು, ದಪ್ಪ ಸೂಜಿಯಿಂದ ಎರಡು ಕಡೆ ಡ್ರಿಪ್ ಹಾಕುವ ಕ್ರಮ ಹೇಳಿದರು, ಮೂತ್ರದ ನಳಿಕೆ ಎತ್ತಿಕೊಂಡರು. ಎಲ್ಲ ಸರಿ. ರಕ್ತ ಬೇಕು ಎಂಬಲ್ಲಿಗೆ ಬಂದಾಗ ಆಟ ನಿಂತಿತು. ರಕ್ತದ ದಾಸ್ತಾನು ಕೋಣೆಯ ಬೀಗದ ಕೈ ಲ್ಯಾಬ್ ಟೆಕ್ನಿಷಿಯನ್ ಹತ್ತಿರ. ಆತ ಸಂಜೆ ಮನೆಗೆ ಹೋದರೆ ಮರುದಿನ ಬೆಳಗ್ಗೆಯೇ ಬರುವುದು. ಕೋಣೆಯಿತ್ತು, ಫ್ರಿಜ್ ಇತ್ತು, ಪರವಾನಗಿ ಚೌಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ರಾತ್ರಿ ಹೊತ್ತು ರಕ್ತ ಇರಲಿಲ್ಲ. ಆ ವಾರವೇ ಇನ್ನೊಂದು ಬೀಗದ ಕೈ ಮಾಡಿಸಿ ಕ್ಯಾಶುವಾಲಿಟಿಯಲ್ಲಿ ಇಟ್ಟರು, ರಾತ್ರಿ ಪಾಳಿಯವರಿಗೆ ಗುಂಪು ಹೊಂದಿಸಿ ನೋಡುವ ತರಬೇತಿ ಕೊಡಿಸಿದರು. ಒಂದು ಬೀಗದ ಕೈಯ ವಿಷಯ ಯಾವ ಸುತ್ತೋಲೆಯಲ್ಲೂ ಬರುವುದಿಲ್ಲ. ಹೊರಗಿನವರೊಬ್ಬರು ಬಂದು ‘ಮಾಡಿ ತೋರಿಸಿ’ ಎಂದಾಗಲೇ ಅದು ಕಣ್ಣಿಗೆ ಬೀಳುವುದು.

ಇನ್ನೂ ಒಂದು ಉಪಕಾರವನ್ನು ಇಲ್ಲಿ ಹೇಳಲೇಬೇಕು. ಲೇಬರ್ ಟೇಬಲ್‌ಗಳ ನಡುವೆ ಪರದೆ ಬಂತು. ಹೆರುವವಳ ಪಕ್ಕದಲ್ಲಿ ತಾಯಿಯೋ ಅಕ್ಕನೋ ಅತ್ತೆಯೋ ಇರಬಹುದು ಎಂದಾಯಿತು. ನಮ್ಮ ಲೇಬರ್ ರೂಮುಗಳಲ್ಲಿ ಹೆಂಗಸರು ಕೇಳಿಸಿಕೊಂಡ ಮಾತುಗಳನ್ನು, ತಿಂದ ಏಟುಗಳನ್ನು ಬಲ್ಲವರಿಗೆ ಈ ಪರದೆಯ ಬೆಲೆ ಗೊತ್ತು. ಲಕ್ಷ್ಯ ಬೇರೇನೂ ಮಾಡದೆ ಇದಷ್ಟನ್ನೇ ಮಾಡಿದ್ದರೂ ನಾನು ಅದರ ಪರ ನಿಲ್ಲುತ್ತಿದ್ದೆ.

ಹಾಗಿದ್ದೂ ಪ್ರಮಾಣಪತ್ರ ಒಂದರಿಂದಲೇ ಸಾವು ತಗ್ಗುತ್ತದೆ ಎಂದು ನಾನು ಹೇಳಲಾರೆ. ಅದಕ್ಕೆ ನಮ್ಮ ನೆಲದ್ದೇ ಸಾಕ್ಷ್ಯವಿದೆ. ಪ್ರಮಾಣಪತ್ರದಂತೆಯೇ ಲೇಬರ್ ರೂಮಿನ ಕೆಲಸವನ್ನು ತಿದ್ದಲು ಹೊರಟ, ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು ಪ್ರಯೋಗಿಸಿ ನೋಡಿದ ಮೊದಲ ಜಾಗಗಳಲ್ಲಿ ಒಂದು ಕರ್ನಾಟಕದ ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರ. 2012ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ನಡೆಯುತ್ತಿದ್ದವು, ಪಟ್ಟಿ ಬಂದ ಮೇಲೆ 25. ಎಲ್ಲರಿಗೂ ಸಂತೋಷವಾಯಿತು. ನಂತರ ಅದೇ ಪಟ್ಟಿಯನ್ನು, ಕೈಹಿಡಿದು ಕಲಿಸುವವರ ಜೊತೆ, ಉತ್ತರ ಪ್ರದೇಶದ ನೂರಿಪ್ಪತ್ತು ಆಸ್ಪತ್ರೆಗಳ ದೊಡ್ಡ ಪರೀಕ್ಷೆಗೆ ಒಡ್ಡಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಆ ಅಧ್ಯಯನ 2017ರ ಕೊನೆಗೆ ಹೊರಬಂತು. ಪಟ್ಟಿಯಲ್ಲಿದ್ದ ಕೆಲಸಗಳನ್ನು ಸಿಬ್ಬಂದಿ ಹೆಚ್ಚು ಮಾಡಿದ್ದರು. ಆದರೆ ತಾಯಿಯ ಸಾವಿನಲ್ಲಾಗಲಿ ಕೂಸಿನ ಸಾವಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದಿದಾಗ ನಮ್ಮಲ್ಲಿ ಅನೇಕರು ಕುಗ್ಗಿದರು. ನನಗೆ ಕಂಡದ್ದು ಬೇರೆ. ಕೈ ತೊಳೆಯುವುದು, ಬಿ.ಪಿ. ನೋಡುವುದು, ಕೂಸನ್ನು ಬೆಚ್ಚಗಿಡುವುದು ಎಲ್ಲವೂ ಬೇಕು. ಆದರೆ ಬಿ.ಪಿ. 170 ಎಂದು ಬರೆದ ಮೇಲೆ ಅವಳಿಗೆ ಮುಂದಿನ ಅರ್ಧ ಗಂಟೆಯಲ್ಲಿ ಏನಾಯಿತು? ಔಷಧ ಇತ್ತೆ, ವಾಹನ ಬಂತೆ, ಮೇಲಿನ ಆಸ್ಪತ್ರೆ ಒಪ್ಪಿಕೊಂಡಿತೆ? ಪಟ್ಟಿ ಆ ಬಾಗಿಲವರೆಗೆ ಕರೆತಂದು ಬಿಡುತ್ತದೆ. ಬಾಗಿಲಾಚೆ ದಾರಿ ಇಲ್ಲದಿದ್ದರೆ ಗುರುತಿಸಿದ ಅಪಾಯ ಬರೀ ಬರಹವಾಗಿ ಉಳಿಯುತ್ತದೆ.

ಗುರುತಿಸಿದ್ದಕ್ಕೂ ಮಾಡಿದ್ದಕ್ಕೂ ನಡುವಿನ ಅಂತರ ಮುಚ್ಚಿದಾಗ ಏನಾಗುತ್ತದೆ ಎಂಬುದಕ್ಕೂ ಸಾಕ್ಷ್ಯವಿದೆ, ಅದರ ಬೇರು ನಮ್ಮ ಬೆಳಗಾವಿಯಲ್ಲಿದೆ. ಈ ಶತಮಾನದ ಆರಂಭದಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ, ಜಿಲ್ಲೆಯ ಹಳ್ಳಿಗಳಲ್ಲಿ ಎ.ಎನ್.ಎಂ. ಸಹೋದರಿಯರ ಕೈಯಲ್ಲಿ ಹೆರಿಗೆಯಾದ 1620 ಹೆಂಗಸರ ಮೇಲೆ ಅಧ್ಯಯನ ಮಾಡಿದರು. ಮಿಸೋಪ್ರೊಸ್ಟಾಲ್ ಮಾತ್ರೆ ನುಂಗಿಸಿದವರಲ್ಲಿ ವಿಪರೀತ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಅದನ್ನು ಪ್ರಕಟಿಸಿತು. ರಕ್ತ ಎಷ್ಟು ಹೋಯಿತೆಂದು ಕಣ್ಣಳತೆಯಲ್ಲಿ ಹೇಳಿದರೆ ತಪ್ಪಾಗುತ್ತದೆಂದು ಅವರು ಬಾಣಂತಿಯ ಕೆಳಗೆ ಹಾಸುವ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲವೊಂದನ್ನು ರೂಪಿಸಿದ್ದರು. ಅಂಥದೇ ಅಳತೆ ಚೀಲವನ್ನು ಮುಂದೆ ಆಫ್ರಿಕಾದ ನಾಲ್ಕು ದೇಶಗಳ ಎಂಬತ್ತು ಆಸ್ಪತ್ರೆಗಳಲ್ಲಿ ಬಳಸಿದರು. ಚೀಲದ ಗೆರೆ ಮುಟ್ಟಿದ ಕೂಡಲೇ ಮಾಲೀಸು, ಔಷಧ, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಂದರ ನಂತರ ಒಂದು ಎನ್ನದೆ ಒಟ್ಟಿಗೆ ಮಾಡುವ ಕ್ರಮ ಕಲಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು ಇವೆಲ್ಲ ಸೇರಿ ನೂರಕ್ಕೆ 60ರಷ್ಟು ಇಳಿದಿದ್ದವು. ಅಳತೆ, ಕೂಡಲೇ ಕ್ರಮ. ಅಷ್ಟೇ.

ಹಾಗಾಗಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದು: ಒಂದು ಆಸ್ಪತ್ರೆಯ ಗುಣಮಟ್ಟವನ್ನು ಅಳೆಯುವಾಗ ಅದು ತನ್ನ ಗೋಡೆಯೊಳಗೆ ಏನು ಮಾಡುತ್ತದೆ ಎಂಬುದರಷ್ಟೇ ಗಂಭೀರವಾಗಿ, ತನ್ನ ಕೈ ಮೀರಿದವಳನ್ನು ಹೇಗೆ ಕಳಿಸುತ್ತದೆ ಎಂಬುದನ್ನೂ ಅಳೆಯಬೇಕು. ರೆಫರಲ್ ಎಂಬುದು ಆರೈಕೆಯ ಕೊನೆ ಎಂದು ನಾವು ತಿಳಿದಿದ್ದೇವೆ. ‘ಕೇಸ್ ರೆಫರ್ ಮಾಡಿದೆವು’ ಎಂದರೆ ನಮ್ಮ ಹೊಣೆ ಕಳೆಯಿತು ಎಂಬ ಭಾವ. ಅಳತೆ ಪಟ್ಟಿಗಳಲ್ಲಿ ರೆಫರಲ್ ಬಗ್ಗೆ ಪ್ರಶ್ನೆಗಳಿವೆ, ಇಲ್ಲವೆಂದಲ್ಲ. ನೂರಾರು ಅಂಶಗಳ ನಡುವೆ ಅವು ಹುದುಗಿಹೋಗಿವೆ.

ನಾನು ದೊಡ್ಡ ಆಸ್ಪತ್ರೆಯೊಂದರಲ್ಲಿದ್ದಾಗ ರಾತ್ರಿ ಎರಡರ ಹೊತ್ತಿಗೆ ಒಬ್ಬ ಹುಡುಗಿಯನ್ನು ಕರೆತಂದರು. ಚೊಚ್ಚಲು, 34 ವಾರ, ದಾರಿಯಲ್ಲಿ ಒಮ್ಮೆ ಫಿಟ್ಸ್ ಬಂದಿದೆ. ಅವಳ ಅವ್ವನ ಮುಷ್ಟಿಯಲ್ಲಿ ಬೆವರಿಗೆ ಒದ್ದೆಯಾದ ಚೀಟಿ. ಅದರಲ್ಲಿ ಹೆಸರು, ವಯಸ್ಸು, ‘ರೆಫರ್ಡ್ ಟು ಹೈಯರ್ ಸೆಂಟರ್’ ಎಂಬ ಒಂದು ಸಾಲು, ಸಹಿ. ಬಿ.ಪಿ. ಎಷ್ಟಿತ್ತು, ಎಷ್ಟು ಗಂಟೆಗೆ ಹೊರಟಳು, ಯಾವ ಇಂಜೆಕ್ಷನ್ ಕೊಟ್ಟರು ಒಂದೂ ಇಲ್ಲ. ಇಂಥವರಿಗೆ ಕೆಳಗಿನ ಆಸ್ಪತ್ರೆಯಲ್ಲೇ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್ ಕೊಟ್ಟು ಕಳಿಸಬೇಕು: ಎರಡೂ ಪೃಷ್ಠಕ್ಕೆ ಐದೈದು ಗ್ರಾಂ. ಕೊಟ್ಟಿದ್ದರೆ ನಾವು ಮತ್ತೆ ಪೂರ್ತಿ ಡೋಸ್ ಕೊಡುವಂತಿಲ್ಲ, ಉಸಿರೇ ನಿಂತೀತು. ಕೊಡದಿದ್ದರೆ ತಡಮಾಡುವಂತಿಲ್ಲ, ಇನ್ನೊಂದು ಫಿಟ್ಸ್ ಬಂದೀತು. ‘ಸೂಜಿ ಚುಚ್ಯಾರೇನವ್ವಾ?’ ಎಂದರೆ ಆ ತಾಯಿ, ‘ಚುಚ್ಯಾರ್ರೀ, ಯಾವ್ದೋ ಗೊತ್ತಿಲ್ಲ’ ಎಂದಳು. ಕಳಿಸಿದ ಆಸ್ಪತ್ರೆಯ ಫೋನ್ ಯಾರೂ ಎತ್ತಲಿಲ್ಲ. ಮೊಣಕಾಲಿನ ಪ್ರತಿವರ್ತನೆ ನೋಡಿ, ಉಸಿರು ಎಣಿಸಿ, ಮೂತ್ರ ಅಳೆದು, ಚುಚ್ಚಿದ ಗುರುತು ಹುಡುಕಿ ನಿರ್ಧಾರಕ್ಕೆ ಬರಬೇಕಾಯಿತು. ಹುಡುಗಿ ಉಳಿದಳು. ಕೂಸು ಉಳಿಯಲಿಲ್ಲ. ಆ ಕೂಸು ಆ ಚೀಟಿಯಿಂದಲೇ ಹೋಯಿತೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಆದರೆ ಚೀಟಿಯಲ್ಲಿ ಇನ್ನೆರಡು ಸಾಲು ಬರೆದಿದ್ದರೆ, ಹೊರಡುವ ಮುನ್ನ ಒಂದು ಫೋನ್ ಮಾಡಿದ್ದರೆ ನಮ್ಮ ತಂಡ ಬಾಗಿಲಲ್ಲೇ ಸಿದ್ಧವಾಗಿ ನಿಂತಿರುತ್ತಿತ್ತು.

ಆ ಎರಡು ಸಾಲಿಗೆ ಅಂಕ ಕೊಡಿ ಎಂಬುದು ನನ್ನ ಬೇಡಿಕೆ. ಕಳಿಸುವ ಆಸ್ಪತ್ರೆಗೂ ಕೊಡಿ, ಬರಮಾಡಿಕೊಳ್ಳುವ ಆಸ್ಪತ್ರೆಗೂ ಕೊಡಿ. ‘ಬೆಡ್ ಇಲ್ಲ’ ಎಂದು ಗೇಟಿನಲ್ಲೇ ತಿರುಗಿಸಿದ ಪ್ರತಿ ಗರ್ಭಿಣಿಯ ಲೆಕ್ಕ ಪ್ಲಾಟಿನಂ ಪಡೆದ ಆಸ್ಪತ್ರೆಯ ಖಾತೆಯಲ್ಲಿ ಬರಬೇಕು. ಕಳಿಸಿದವರಿಗೆ ಅವಳು ಏನಾದಳೆಂದು ಮರಳಿ ತಿಳಿಸುವ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಸಣ್ಣ ಆಸ್ಪತ್ರೆಯ ಡಾಕ್ಟರು ಕಲಿಯುವುದು ಅದರಿಂದಲೇ ಎಂಬುದು ಗೊತ್ತಿದ್ದೂ.

ಪ್ರಮಾಣಪತ್ರದ ವ್ಯಾಪ್ತಿಗೆ ಸಿಗದ ಅಪಾಯಗಳೂ ಇವೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಅನುಮಾನ ಬಿದ್ದದ್ದು ಡ್ರಿಪ್ಪಿಗೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸರ್ಕಾರ ಅದರ ಬಳಕೆ ತಡೆಯಿತು, ರಾಜ್ಯದ ತಾಯಿಮರಣಗಳ ಪರಿಶೋಧನೆಗೆ ಆದೇಶಿಸಿತು. ಬಾಟಲಿಯೊಳಗಿನ ದ್ರಾವಣವನ್ನು ಪರೀಕ್ಷಿಸುವುದು ಲೇಬರ್ ರೂಮಿನ ನರ್ಸಿನ ಕೈಯಲ್ಲಿಲ್ಲ. ಅದು ಔಷಧ ನಿಯಂತ್ರಣದವರ ಕೆಲಸ. ವಾರ್ಡಿಗೆ ಅಂಕ ಕೊಡುವ ರಾಜ್ಯ ತನ್ನ ಖರೀದಿಗೂ ಅಂಕ ಕೊಟ್ಟುಕೊಳ್ಳಬೇಕು.

ಇನ್ನು ಸ್ವಯಂಪ್ರೇರಣೆಯ ಪ್ರಶ್ನೆ. ತಾನಾಗಿ ಪರೀಕ್ಷೆಗೆ ಕೂರುವವನು ಸಾಮಾನ್ಯವಾಗಿ ಓದಿಕೊಂಡವನೇ. ‘ಮಾನ್ಯತಾ’ಗೆ ಮುಂದೆ ಬರುವ ನರ್ಸಿಂಗ್ ಹೋಮುಗಳು ಮೊದಲೇ ಒಂದು ಮಟ್ಟದಲ್ಲಿ ಇರುವವು. ನನಗೆ ಚಿಂತೆ ಇರುವುದು ಮುಂದೆ ಬಾರದವುಗಳ ಬಗ್ಗೆ. ಸಣ್ಣ ಪಟ್ಟಣದ ಹೆರಿಗೆ ಆಸ್ಪತ್ರೆಯ ಡಾಕ್ಟರಿಗೆ ‘ನಮ್ಮದು ಒಂದನೇ ಹಂತ’ ಎಂದು ಬೋರ್ಡು ಹಾಕಲು ಭಯ. ಜನ ಎದುರಿನ ಆಸ್ಪತ್ರೆಗೆ ಹೋದಾರು, ಕೋರ್ಟಿನಲ್ಲಿ ಇದನ್ನೇ ಹಿಡಿದಾರು. ಆ ಭಯವನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಹೆರಿಗೆಯಲ್ಲಿ ತಾಯಿ ಹೋದಳೆಂದರೆ ಕಲ್ಲು ಬೀಳುವ ಕಾಲ ಇದು. ಆದರೆ ಮಿತಿಯನ್ನು ಮೊದಲೇ ಹೇಳಿದ ಡಾಕ್ಟರಿಗೆ ಆಮೇಲೆ ಸಮಜಾಯಿಷಿ ಕೊಡುವ ಪ್ರಸಂಗ ಕಡಿಮೆ. ಒಂದನೇ ಹಂತದ ಆಸ್ಪತ್ರೆ ಒಂದನೇ ಹಂತದ ಕೆಲಸವನ್ನು ಚೆನ್ನಾಗಿ ಮಾಡಿದರೆ ಅದು ಒಳ್ಳೆಯ ಆಸ್ಪತ್ರೆ. ಹೆಚ್ಚಿನ ಹೆರಿಗೆಗಳಿಗೆ ಬೇಕಾದದ್ದೂ ಅದೇ.

2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ನೋಂದಣಿ ಕಡ್ಡಾಯ. ಆ ನೋಂದಣಿ ಆಸ್ಪತ್ರೆ ನಡೆಸಲು ಅನುಮತಿ ಕೊಡುತ್ತದೆ. 30 ವಾರದ ಕೂಸನ್ನು ಉಳಿಸುವ ಶಕ್ತಿ ಅಲ್ಲಿದೆಯೇ ಎಂದು ಗರ್ಭಿಣಿಗೆ ಹೇಳುವುದಿಲ್ಲ. ಅಮೆರಿಕದ ಟೆಕ್ಸಸ್ 2013ರಲ್ಲಿ ಕಾನೂನು ಮಾಡಿ, ಹಂತದ ಗುರುತು ಪಡೆಯದ ಆಸ್ಪತ್ರೆಗೆ ಬಡವರ ಹೆರಿಗೆಯ ಸರ್ಕಾರಿ ಹಣ ಇಲ್ಲ ಎಂದಿತು. ಅಷ್ಟು ಗಟ್ಟಿಯಾಗಿ ಇಲ್ಲಿ ಒಮ್ಮೆಗೇ ಹೋಗುವುದು ಬೇಡ; ದೂರದ ತಾಲ್ಲೂಕುಗಳಲ್ಲಿ ಇರುವ ಒಂದೋ ಎರಡೋ ಆಸ್ಪತ್ರೆ ಬಾಗಿಲು ಹಾಕಿದರೆ ಹೆಂಗಸರು ಎಲ್ಲಿಗೆ ಹೋಗಬೇಕು? ನನ್ನ ಅಭಿಪ್ರಾಯ ಹೀಗಿದೆ: ಗುಣಮಟ್ಟದ ಪ್ರಮಾಣಪತ್ರ ಸ್ವಯಂಪ್ರೇರಿತವಾಗಿಯೇ ಇರಲಿ, ಅದರಲ್ಲಿ ಕಲಿಯುವ ಹುಮ್ಮಸ್ಸಿದೆ. ಹಂತದ ಘೋಷಣೆ ಮಾತ್ರ ಕಡ್ಡಾಯವಾಗಲಿ. ನಮ್ಮಲ್ಲಿ ಏನಿದೆ, ಏನಿಲ್ಲ, ಇಲ್ಲದಿದ್ದಾಗ ಎಲ್ಲಿಗೆ ಕಳಿಸುತ್ತೇವೆ ಎಂದು ಕನ್ನಡದಲ್ಲಿ, ಓದಲು ಬರುವ ಅಕ್ಷರದಲ್ಲಿ, ಸರ್ಕಾರಿ ಖಾಸಗಿ ಭೇದವಿಲ್ಲದೆ ಎಲ್ಲರೂ ಬರೆದು ಹಾಕಲಿ. ಮೇಲಿನ ಹಂತಕ್ಕೆ ಏರಲು ಬಯಸುವ ಆಸ್ಪತ್ರೆಗೆ ಆರೋಗ್ಯ ಕರ್ನಾಟಕ ಯೋಜನೆಯ ಹಣದಲ್ಲಿ ಸ್ವಲ್ಪ ಹೆಚ್ಚು ಸಿಗಲಿ.

ಕೊನೆಯದಾಗಿ, ನಮ್ಮ ಮನೆಗಳ ಒಂದು ಪದ್ಧತಿಯ ಬಗ್ಗೆ. ಚೊಚ್ಚಲು ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಏಳನೇ ತಿಂಗಳವರೆಗೆ ಗಂಡನ ಊರಿನ ಆಸ್ಪತ್ರೆಯಲ್ಲಿ ತೋರಿಸಿಕೊಂಡವಳು ಕುಬುಸ ಮುಗಿಸಿ ತಾಯಿ ಕಾರ್ಡನ್ನು ಚೀಲದಲ್ಲಿಟ್ಟುಕೊಂಡು ನೂರು ಮೈಲಿ ಆಚೆಯ ಊರಿಗೆ ಹೋಗುತ್ತಾಳೆ. ಅಪಾಯದ ಲಕ್ಷಣಗಳು ತಲೆಯೆತ್ತುವುದು ಹೆಚ್ಚಾಗಿ ಅದೇ ತಿಂಗಳುಗಳಲ್ಲಿ. ಅಲ್ಲಿ ಯಾವ ಆಸ್ಪತ್ರೆ ಎಂಬುದನ್ನು ಅಪ್ಪನ ಪರಿಚಯವೋ ಪಕ್ಕದ ಮನೆಯವರ ಮಾತೋ ತೀರ್ಮಾನಿಸುತ್ತದೆ. ತವರಿನ ಆರೈಕೆಗೆ ಸಮನಾದದ್ದು ಇಲ್ಲ, ಆ ಪದ್ಧತಿಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಇಲ್ಲಿರುವ ತಂದೆತಾಯಿಯರಲ್ಲಿ, ಅತ್ತೆಮಾವಂದಿರಲ್ಲಿ ಕೇಳಿಕೊಳ್ಳುವುದಿಷ್ಟೆ: ಕುಬುಸದ ಸೀರೆ ತರುವ ಮೊದಲು ತವರೂರಿನ ಆಸ್ಪತ್ರೆಗೆ ಒಮ್ಮೆ ಹೋಗಿ ಬನ್ನಿ. ರಾತ್ರಿ ಹನ್ನೆರಡಕ್ಕೆ ಸಿಸೇರಿಯನ್ ಬೇಕಾದರೆ ಅರಿವಳಿಕೆ ಕೊಡುವ ಡಾಕ್ಟರು ಎಲ್ಲಿಂದ ಬರುತ್ತಾರೆ, ರಕ್ತ ಎಲ್ಲಿಂದ ಬರುತ್ತದೆ, ಕೂಸಿಗೆ ಉಸಿರಾಟದ ತೊಂದರೆಯಾದರೆ ಎಲ್ಲಿಗೆ ಒಯ್ಯಬೇಕು ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವ ಆಸ್ಪತ್ರೆಯಲ್ಲಿ ಮಗಳನ್ನು ಸೇರಿಸಬೇಡಿ. ಮತ್ತು ನನ್ನ ವೈದ್ಯ ಮಿತ್ರರೆ, ಅವರು ನಾಳೆ ಬಂದು ಕೇಳಿದಾಗ ಅವರನ್ನು ಕೂರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ.